ಹನಿ ಹಾಕಿದ ಮರುದಿನ

ಸೊರಡಿಯ ಶಾಲೆಗೆ ಮಕ್ಕಳ ಕಣ್ಣು ತಪಾಸಣೆಗೆಂದು ನಾನೊಬ್ಬನೇ ಹೋದದ್ದು ಅದೇ ಮೊದಲು. ಶಮಾ ಎಂಬ ಎಂಟು ವರ್ಷದ ಹುಡುಗಿಗೆ ಮೆಳ್ಳಗಣ್ಣಿತ್ತು. ಚಷ್ಮಾದ ನಂಬರು ತೆಗೆಯಲು ಪಾಪೆ ಹಿಗ್ಗಿಸುವ ಹನಿ ಹಾಕಿದೆ. ಒಂದು ದಿನ ಹತ್ತಿರದ್ದು ಮಬ್ಬಾಗಿ ಕಾಣುತ್ತದೆ ಎಂದು ಮನೆಯವರಿಗೆ ಹೇಳುವುದನ್ನು ಮರೆತೆ.

ಮರುದಿನ ಬೆಳಿಗ್ಗೆ ಅವಳಪ್ಪ, ಟೇಲರ್ ರಜಾಕಸಾಬರು, ಮಗಳ ಕೈಹಿಡಿದು ಶಾಲೆಯ ಬಾಗಿಲಲ್ಲೇ ನಿಂತಿದ್ದರು.

“ನಿನ್ನಿ ಮುಂಜಾನಿ ತನಕಾ ಪುಸ್ತಕ ಓದತಿದ್ಲರಿ. ಈಗ ಒಂದಕ್ಷರಾನೂ ಕಾಣವಲ್ದು. ಏನ್ ಹಾಕೀರಿ ಕಣ್ಣಾಗ?”

“ಸಂಜೀಕ ಚಲೋ ಆಗತೈತ್ರಿ” ಎಂದೆ.

“ಹಂಗಾರ ಸಂಜಿ ತನಕಾ ನಮ್ಮ ಅಂಗಡ್ಯಾಗ ಕುಂದ್ರಿ.”

ಕೂತೆ. ಅವರು ಹೊಲಿಗೆ ಮಷೀನು ಮುಟ್ಟದೆ ನನ್ನನ್ನೇ ನೋಡುತ್ತಿದ್ದರು. ಮೆಲ್ಲಗೆ ನನ್ನ ಪೆಟ್ಟಿಗೆ ತೆರೆದೆ. ಒಂದೇ ಅಳತೆಯ ಎರಡು ಬಾಟಲಿ, ಎರಡರ ಚೀಟಿಯೂ ಅಳಿಸಿಹೋಗಿತ್ತು. ಒಂದರ ಪರಿಣಾಮ ಒಂದೇ ದಿನ, ಇನ್ನೊಂದರದು ಹತ್ತು ದಿನ. ಯಾವುದನ್ನು ಹಾಕಿದೆನೋ ನೆನಪಾಗಲಿಲ್ಲ.

ತಾಸಿಗೊಮ್ಮೆ ಶಮಾಳ ಮುಂದೆ ಅವಳ ಪುಸ್ತಕ ಹಿಡಿದೆ. ಪ್ರತಿ ಸಲವೂ ಅವಳು “ಕಾಣವಲ್ದು” ಎಂದಳು. ಅಂಗಡಿಯ ಮುಂದೆ ಓಣಿಯ ಮಂದಿ ಸೇರತೊಡಗಿದರು. ಯಾರೂ ಬೈಯಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ನಾಲ್ಕು ಗಂಟೆಗೆ ಮತ್ತೆ ಪುಸ್ತಕ ಹಿಡಿದೆ. ಅವಳು ಬಹಳ ಹೊತ್ತು ದಿಟ್ಟಿಸಿದಳು.

“ಸಾಹೇಬ್ರ, ಪುಸ್ತಕ ಗಟ್ಟಿ ಹಿಡೀರಿ. ನೀವು ಹಿಂಗ ನಡಗಿಸಿದ್ರ ನಾ ಹೆಂಗ ಓದ್ಲಿ?”

ರಜಾಕಸಾಬರೇ ಪುಸ್ತಕ ಇಸಿದುಕೊಂಡು ಹಿಡಿದರು. ಅವಳು ಇಡೀ ಪುಟ ಓದಿದಳು. ಅವರು ನಕ್ಕು ನನಗೆ ಚಹಾ ತರಿಸಿದರು. ಕಪ್ಪನ್ನು ಎರಡೂ ಕೈಯಿಂದ ಹಿಡಿದರೂ ಅರ್ಧ ಚಹಾ ಕೆಳಗಿನ ಬಸಿಗೇ ಚೆಲ್ಲಿತು.