ಕುಕ್ಕರ್ ಹತ್ತಿದ ಬಸ್ಸು

ನಮ್ಮ ಮನೆಯ ಕುಕ್ಕರ್ ಕಳೆದ ತಿಂಗಳು ಒಬ್ಬಂಟಿಯಾಗಿ ಕೊಪ್ಪಕ್ಕೆ ಹೋಗಿ ಬಂತು.

ತಮಾಷೆಯಲ್ಲ. ಬೆಳಿಗ್ಗೆ ಸೀತೂರಿನ ನಮ್ಮ ಮನೆ ಎದುರು ಬಸ್ಸು ಹತ್ತಿಸಿದೆ. ಡ್ರೈವರ್ ಪಕ್ಕದ ಬಾನೆಟ್ ಮೇಲೆ ಗತ್ತಿನಿಂದ ಕೂತು ಹೋಯಿತು. ಕೊಪ್ಪದಲ್ಲಿ ಪಾತ್ರೆ ರಿಪೇರಿ ಅಂಗಡಿಯ ಎದುರು ಇಳಿಯಿತು. ಹೊಸ ಹಿಡಿ, ಹೊಸ ಗ್ಯಾಸ್ಕೆಟ್ ಹಾಕಿಸಿಕೊಂಡು ಸಂಜೆಯ ಟ್ರಿಪ್ಪಿನಲ್ಲಿ ವಾಪಸ್ ಬಂತು.

(ದೂರದ ಊರಿನ ಓದುಗರು ನಂಬುವುದಿಲ್ಲ, ಗೊತ್ತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರು "ಇದರಲ್ಲಿ ಎಂತ ವಿಶೇಷ?" ಅಂತ ಪುಟ ತಿರುಗಿಸುತ್ತಾರೆ. ಸ್ವಲ್ಪ ತಡೆಯಿರಿ ಮಾರಾಯರೇ, ವಿಷಯ ಮುಂದಿದೆ.)

ನಮ್ಮ ಕಡೆಯ ಪ್ರೈವೇಟ್ ಬಸ್ಸೇ ಹಾಗೆ. ಕೆಟ್ಟ ಮಿಕ್ಸಿ ಜಾರು, ಹೊಲಿಯಲು ಕೊಟ್ಟ ಬ್ಲೌಸು, ಅಜ್ಜಿಯ ಬಿಪಿ ಮಾತ್ರೆ, ಶೃಂಗೇರಿಯ ಮಗಳಿಗೆ ಕಳಲೆ, ಬೇಗಾರಿನ ಅಕ್ಕನಿಗೆ ಹಲಸಿನ ಹಪ್ಪಳ, ಎಲ್ಲವೂ ಬಸ್ಸಿನಲ್ಲೇ ಓಡಾಡುತ್ತವೆ. ರಸ್ತೆ ಬದಿಯಲ್ಲಿ ಚೀಲ ಹಿಡಿದು ನಿಂತರೆ ಸಾಕು, ಕಂಡಕ್ಟರ್ ಸುಧಾಕರ ಬಾಗಿಲಿನಿಂದಲೇ ಕೈ ಚಾಚುತ್ತಾನೆ. ರಶೀದಿಯಿಲ್ಲ, ಹೆಸರು ಬರೆಯುವುದಿಲ್ಲ. ತಪ್ಪುವುದೇ ಇಲ್ಲವೇ? ತಪ್ಪುತ್ತದೆ. ಹೋದ ವರ್ಷ ನನ್ನ ಬ್ಲೌಸು ಯಾರದ್ದೋ ಮನೆಗೆ ಹೋಗಿ, ನಮ್ಮ ಮನೆಗೆ ಪಂಪ್‌ಸೆಟ್ಟಿನ ವಾಶರ್ ಬಂದಿತ್ತು. ಅದಕ್ಕೆಲ್ಲ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮರುದಿನದ ಬಸ್ಸಿದೆಯಲ್ಲ!

ಆ ದಿನ ಬಸ್ಸಿನಲ್ಲಿ ನನ್ನ ಕುಕ್ಕರ್. ಬಸ್ಸಿನ ಹಿಂದೆ, ಹೊಗೆ ಕುಡಿಯುತ್ತಾ, ಸ್ಕೂಟಿಯಲ್ಲಿ ನಾನು. ನನ್ನ ಶಾಲೆಯೂ ಅದೇ ದಾರಿಯಲ್ಲಿದೆ. ಮೇನ್ ರೋಡು ಬಿಟ್ಟು, ಕಾಡಿನ ನಡುವೆ ಒಳಗೆ ಹೋಗಿ, ಹಾಲಿನ ಡೈರಿ ಎದುರು ತಿರುಗಿ ಬಸ್ಸು ಮತ್ತೆ ಮೇನ್ ರೋಡಿಗೆ ಬರುತ್ತದೆ. ಆ ತಿರುವಿನ ಪಕ್ಕದಲ್ಲೇ ನಮ್ಮ ಹಿರಿಯ ಪ್ರಾಥಮಿಕ ಶಾಲೆ. ಏಳನೇ ಕ್ಲಾಸಿನವರೆಗೆ ಮಾತ್ರ. ಮುಂದೆ ಓದಬೇಕೆಂದರೆ ಇದೇ ಬಸ್ಸು ಹತ್ತಿ ಕೊಪ್ಪಕ್ಕೆ.

ರಜೆ ಇನ್ನೂ ಮುಗಿದಿರಲಿಲ್ಲ. ಆದರೆ ಮೇಷ್ಟ್ರುಗಳಿಗೆ ರಜೆ ಎಲ್ಲಿದೆ? ವರ್ಷದ ಪ್ಲ್ಯಾನ್ ಮಾಡಲು ಹೆಡ್‌ಮೇಷ್ಟ್ರು ಮಂಜಪ್ಪನವರು ನಮ್ಮನ್ನೆಲ್ಲ ಕರೆದಿದ್ದರು. ಈ ಪ್ಲ್ಯಾನಿನ ಗುಟ್ಟು ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಹೋದ ವರ್ಷದ್ದನ್ನು ತೆಗೆದು, ದಿನಾಂಕ ಬದಲಿಸಿ, ಕೆಳಗೆ ಸಹಿ ಹಾಕುವುದು. ಚಹಾ ಬರುವುದರೊಳಗೆ ಮುಗಿಯುತ್ತದೆ.

ಈ ಸಲ ಮಂಜಪ್ಪನವರು ಹಟ ಹಿಡಿದು ಕೂತಿದ್ದರು. ಆರು, ಏಳನೇ ಕ್ಲಾಸಿಗೆ ಇಡೀ ವರ್ಷ ಒಂದೇ ವಿಷಯ ಇರಬೇಕು, ಗಣಿತ, ವಿಜ್ಞಾನ, ಕನ್ನಡ, ಸಮಾಜ, ಇಂಗ್ಲಿಷ್ ಎಲ್ಲವೂ ಅದನ್ನೇ ಸುತ್ತಬೇಕು. ಯಾಕೆ ಅಂತ ಕೇಳಿದ್ದಕ್ಕೆ ಅವರು ಹೇಳಿದ ಮಾತು ನನಗೆ ತುಂಬಾ ಹಿಡಿಸಿತು.

"ಗಣಿತದ ಪೀರಿಯಡ್ಡಲ್ಲಿ ಕಲಿತದ್ದನ್ನ ಮಕ್ಕಳು ಚಪ್ಪಲಿ ಬಿಟ್ಟ ಹಾಗೆ ಬಾಗಿಲಲ್ಲೇ ಬಿಟ್ಟು ಕನ್ನಡಕ್ಕೆ ಬರ್ತಾರೆ. ಹಾಕ್ಕೊಂಡೇ ಬರೋ ಹಾಗೆ ಮಾಡ್ಬೇಕು."

ಸರಿ, ಯಾವ ವಿಷಯ? ಗಣಿತ-ವಿಜ್ಞಾನದ ನಾಗೇಶ್ ಮೇಷ್ಟ್ರು ತಡಮಾಡದೆ 'ನೀರು' ಅಂದರು. ಮೊಬೈಲಿನಲ್ಲಿ ನೀರಿನ ಮೇಲೆ ರಾಶಿ ರಾಶಿ ಪ್ಲ್ಯಾನ್ ಸಿಗುತ್ತದಂತೆ, ಡೌನ್‌ಲೋಡ್ ಮಾಡಿದರೆ ಕೆಲಸ ಮುಗಿಯಿತಂತೆ. ನನಗೆ ರೇಗಿತು. ಜೂನ್ ತಿಂಗಳಲ್ಲಿ ನಮ್ಮ ಮಕ್ಕಳಿಗೆ ನೀರಿನ ಪಾಠವೇ? ಬ್ಯಾಗು, ಯೂನಿಫಾರಮ್ಮು, ಒಳಗಿನ ಪುಸ್ತಕ ಸಮೇತ ಒದ್ದೆಯಾಗಿ ಬಂದು ಕೂತವರಿಗೆ? ನೀರು ಎಂದರೇನು ಅಂತ ನಾವು ಅವರಿಗೆ ಹೇಳಬೇಕೇ?

ಚರ್ಚೆ ಅಲ್ಲಿಂದ ಕದಲಲಿಲ್ಲ. ಊಟವಾಯಿತು, ಚಹಾ ಆಯಿತು. ಸಂಜೆಯ ಬಸ್ಸಿನ ಹಾರನ್ ಕೇಳಿತು. ಅಯ್ಯೋ, ನನ್ನ ಕುಕ್ಕರ್! ಮೀಟಿಂಗ್ ಬಿಟ್ಟು ಗೇಟಿಗೆ ಓಡಿದೆ. ಕುಕ್ಕರನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟೆ. ಎಲ್ಲರೂ ನನ್ನನ್ನೇ ನೋಡಿದರು.

ಇದೆಂತದು ಟೀಚರೇ ಎಂದರು ಮಂಜಪ್ಪನವರು. ಬಸ್ಸಲ್ಲಿ ಬಂತು ಸರ್ ಎಂದೆ. ಎಂದವಳು ಹಾಗೇ ನಿಂತುಬಿಟ್ಟೆ.

ಬಸ್ಸು!

ಆಮೇಲಿನ ಒಂದು ಗಂಟೆ ನೀವು ಆ ಕೋಣೆಯಲ್ಲಿರಬೇಕಿತ್ತು. ಮೇಷ್ಟ್ರುಗಳು ಒಬ್ಬರ ಮಾತನ್ನು ಇನ್ನೊಬ್ಬರು ಕಸಿದುಕೊಂಡು ಮಾತಾಡುವುದನ್ನು ನಾನು ಸಂಬಳದ ವಿಷಯ ಬಿಟ್ಟರೆ ಬೇರಾವುದಕ್ಕೂ ಕಂಡಿರಲಿಲ್ಲ. ನೀರು ನೀರು ಅನ್ನುತ್ತಿದ್ದ ನಾಗೇಶ್ ಮೇಷ್ಟ್ರೇ ಮೊದಲು ಬೋರ್ಡಿನ ಹತ್ತಿರ ಹೋದರು. ವೇಗ, ದೂರ, ಕಾಲ, ಸರಾಸರಿ, ಶೇಕಡಾ, ಏಳನೇ ಕ್ಲಾಸಿನ ಅರ್ಧ ಗಣಿತ ಬಸ್ಸಿನೊಳಗೇ ಕೂತಿದೆ ಎಂದರು. ಘಾಟಿಯಲ್ಲಿ ಬ್ರೇಕು ಯಾಕೆ ಬಿಸಿಯಾಗುತ್ತದೆ? ತಿರುವಿನಲ್ಲಿ ನಾವೆಲ್ಲ ಯಾಕೆ ಪಕ್ಕದವರ ಮೇಲೆ ಬೀಳುತ್ತೇವೆ? (ಕೆಲವರು ಬೇಕೆಂದೇ ಬೀಳುತ್ತಾರೆ, ಅದು ವಿಜ್ಞಾನವಲ್ಲ.)

ಸಮಾಜ ವಿಜ್ಞಾನ ನನ್ನದು. ಈ ಬಸ್ಸು ನರಸಿಂಹರಾಜಪುರದಲ್ಲಿ, ಭದ್ರೆಯ ಕಡೆಯಿಂದ ಹೊರಡುತ್ತದೆ. ಶೃಂಗೇರಿ ಮುಟ್ಟುವಾಗ ತುಂಗೆಯ ದಡದಲ್ಲಿರುತ್ತದೆ. ಹಾಗಾದರೆ ದಾರಿಯಲ್ಲಿ ಎಲ್ಲೋ ಒಂದು ಏರು ಇರಲೇಬೇಕಲ್ಲ, ಈಚೆ ಬಿದ್ದ ಮಳೆ ಭದ್ರೆಗೆ, ಆಚೆ ಬಿದ್ದ ಮಳೆ ತುಂಗೆಗೆ ಹೋಗುವಂಥದ್ದು? ಯಾವ ಏರು? ದಿನಾ ಓಡಾಡುವ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನಗಂತೂ ಮೈ ಜುಂ ಎಂದಿತು. ಮಕ್ಕಳು ಹುಡುಕಲಿ. ನಾವೂ ಹಿಂದೆ ಹಿಂದೆ ಹೋಗೋಣ.

ಕನ್ನಡಕ್ಕೆ ಬಸ್ಸಿನ ಮಾತುಕತೆ. ಒಂದು ಸೀಟಿನಲ್ಲಿ "ಎಂತ ಮಾಣಿ" ಅಂದರೆ ಹಿಂದಿನ ಸೀಟಿನಲ್ಲಿ ಮತ್ತೊಂದು ಬಗೆಯ ಕನ್ನಡ, ಬಾಗಿಲ ಬಳಿ ತುಳು, ಕೊನೆಯ ಸೀಟಿನಲ್ಲಿ ಮಲಯಾಳ. ಕೇಳಿ ಬರೆದು ತರಲಿ. ದೈಹಿಕ ಶಿಕ್ಷಣಕ್ಕೆ ಏನು ಅಂತ ಯಾರೋ ಕೇಳಿದರು. ಕಂಬಿ ಹಿಡಿಯದೆ ನಿಲ್ಲುವುದು ಎಂದರು ಮಂಜಪ್ಪನವರು, ಗಂಭೀರವಾಗಿ.

ಜುಲೈಯಲ್ಲಿ ಗಾಳಿ ಮಳೆ, ಮಕ್ಕಳನ್ನು ಎಲ್ಲಿಗೂ ಕರೆದೊಯ್ಯುವ ಹಾಗಿಲ್ಲ. ಆಗ? ಕ್ಲಾಸಿನಲ್ಲೇ ಬೆಂಚುಗಳನ್ನು ಬಸ್ಸಿನ ಸೀಟಿನಂತೆ ಜೋಡಿಸುವುದು, ಒಬ್ಬ ಡ್ರೈವರ್, ಒಬ್ಬಳು ಕಂಡಕ್ಟರ್, ಗೋಡೆಯ ಮೇಲೆ ಮೂರು ತಾಲ್ಲೂಕಿನ ಮ್ಯಾಪು. ಮಳೆ ಬಿಟ್ಟ ಮೇಲೆ ನಿಜವಾದ ಬಸ್ಸು. ಅವತ್ತು ಮನೆಗೆ ಹೋಗುವಾಗ ನಾನು ಸ್ಕೂಟಿಯ ಮೇಲೆ ಹಾಡು ಗುನುಗುತ್ತಿದ್ದೆ. ಎದುರಿಗೆ ಕಾಲಿನ ಬಳಿ ಕುಕ್ಕರ್.

ಎಲ್ಲ ಪ್ಲ್ಯಾನ್ ಮಾಡಿದ್ದೆವು. ಬಸ್ಸಿನವರನ್ನು ಮಾತ್ರ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಹೊಲಿಯಲು ಕೊಡುವ ಬ್ಲೌಸಿನ ಚೀಲ ಹಿಡಿದು ನಿಂತು, ಸುಧಾಕರನಿಗೆ ಸಂಭ್ರಮದಿಂದ ಎಲ್ಲ ಹೇಳಿದೆ. ಅವನು ನಗಲಿಲ್ಲ. ಚೀಲ ತೆಗೆದುಕೊಂಡು ಒಳಗಿಟ್ಟ.

"ದಸರಾ ರಜೆ ತನಕ ನೋಡ್ತಾರಂತೆ ಟೀಚರೇ. ಆಮೇಲೆ ಬಸ್ಸು ನಿಮ್ಮ ಶಾಲೆ ಕಡೆ ಒಳಗೆ ಬರಲ್ಲ. ಮೇನ್ ರೋಡಲ್ಲೇ ನೆಟ್ಟಗೆ ಕೊಪ್ಪ."

ಯಾಕೆ ಮಾರಾಯ ಎಂದೆ.

"ಜನ ಎಲ್ಲಿದಾರೆ? ಒಳಗೆ ಹೋಗಿ ಬಂದ್ರೆ ಹತ್ತೋದು ಬರೀ ಚೀಲ. ಓನರ್ ಎಷ್ಟು ದಿನ ಅಂತ ಚೀಲಕ್ಕೆ ಬಸ್ಸು ಬಿಡ್ತಾರೆ?"

ಬಸ್ಸು ಹೋಯಿತು. ನಾನು ಸ್ಕೂಟಿ ಸ್ಟಾರ್ಟ್ ಮಾಡಿ ಅದರ ಹಿಂದೆಯೇ ಹೊರಟೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ಪ್ರತೀಕ್ಷಾ. ಈ ವರ್ಷ ಏಳನೇ ಕ್ಲಾಸು. ಡೈರಿಯಿಂದಲೂ ಒಳಗೆ, ಗುಡ್ಡದ ಬುಡದಲ್ಲಿ ಅವಳ ಮನೆ. ಪ್ರಶ್ನೆ ಕೇಳಲು ಶುರುಮಾಡಿದರೆ ಗಂಟೆ ಹೊಡೆದರೂ ನಿಲ್ಲಿಸದ ಹುಡುಗಿ. ಏಪ್ರಿಲ್‌ನಲ್ಲಿ ಅವಳ ಅಪ್ಪ ಶಾಲೆಗೆ ಬಂದವರು ಸ್ಪಷ್ಟವಾಗಿ ಹೇಳಿದ್ದರು. ಶಾಲೆಯ ಎದುರೇ ಬಸ್ಸು ಬರುವುದರಿಂದ ಏಳನೇ ಕ್ಲಾಸು ಮುಗಿದ ಮೇಲೆ ಮಗಳನ್ನು ಕೊಪ್ಪದ ಹೈಸ್ಕೂಲಿಗೆ ಧೈರ್ಯವಾಗಿ ಕಳಿಸುತ್ತೇನೆ, ಮೇನ್ ರೋಡಿನವರೆಗೆ ಕಾಡಿನಲ್ಲಿ ಒಬ್ಬಳನ್ನೇ ನಡೆಸುವುದಾದರೆ ಮಾತ್ರ ಆಗುವುದಿಲ್ಲ, ಶಿವಮೊಗ್ಗದ ಅತ್ತೆ ಮನೆಗೆ ಕಳಿಸುವುದೇ. ಅಪ್ಪನ ಹಿಂದೆ ನಿಂತ ಪ್ರತೀಕ್ಷಾ, ನನಗೆ ಅಲ್ಲಿ ಬೇಡ ಟೀಚರ್ ಅಂತ ಕಣ್ಣಲ್ಲೇ ಹೇಳಿದ್ದಳು.

ಶಾಲೆಯಲ್ಲಿ ಸುದ್ದಿ ಹೇಳಿದೆ. ನಾಗೇಶ್ ಮೇಷ್ಟ್ರು ನಿಟ್ಟುಸಿರು ಬಿಟ್ಟು, ಹಾಗಾದರೆ ನೀರೇ ಆಗಲಿ ಎಂದರು. ದಸರೆಗೆ ನಿಲ್ಲುವ ಬಸ್ಸನ್ನು ನಂಬಿ ಮಾರ್ಚ್‌ವರೆಗೆ ಪಾಠ ಮಾಡುವುದು ಹೇಗೆ ಅನ್ನುವುದು ಅವರ ವಾದ. ವಾದದಲ್ಲಿ ತಪ್ಪಿರಲಿಲ್ಲ. ಆದರೂ ನನ್ನ ಪಿತ್ತ ನೆತ್ತಿಗೇರಿತು. ಸ್ವಲ್ಪ ಜೋರಾಗಿಯೇ ಹೇಳಿದೆ ಅಂತ ಕಾಣುತ್ತದೆ, ನಮ್ಮ ಮೀಟಿಂಗಿಗೆಂದು ಅಡುಗೆ ಮಾಡುತ್ತಿದ್ದ ಬಿಸಿಯೂಟದವರು ಸೌಟು ಹಿಡಿದೇ ಬಾಗಿಲಿಗೆ ಬಂದರು.

ನಿಲ್ಲುವ ಬಸ್ಸಾದರೆ ನಿಲ್ಲದ ಹಾಗೆ ಮಾಡುವುದನ್ನೇ ಪಾಠ ಮಾಡೋಣ ಎಂದೆ. ಎಷ್ಟು ಜನ ಹತ್ತಿದರೆ ಬಸ್ಸಿಗೆ ನಷ್ಟವಿಲ್ಲ? ಅದು ನಿಮ್ಮ ಗಣಿತ. ಬಸ್ಸಿನ ದಾರಿ ಬದಲಿಸಲು ಯಾರ ಅನುಮತಿ ಬೇಕು? ಅದು ನನ್ನ ಸಮಾಜ. ಓನರಿಗೆ ಮನಸ್ಸು ಕರಗುವಂಥ ಪತ್ರ ಬರೆಯುವುದು ಕನ್ನಡ. ಮುಂದಿನ ವರ್ಷ ಆ ಬಸ್ಸಿನಲ್ಲಿ ಹೋಗಬೇಕಾದವರು ಈ ಏಳನೇ ಕ್ಲಾಸಿನವರೇ ಅಲ್ಲವೇ? ಅವರಿಗಿಲ್ಲದ ಪಾಠ ಇನ್ಯಾರಿಗೆ?

ಮಂಜಪ್ಪನವರು ಪ್ಲ್ಯಾನಿನ ಹಾಳೆ ಎಳೆದುಕೊಂಡು, ಮೇಲೆ 'ನಮ್ಮೂರ ಬಸ್ಸು' ಅಂತ ಬರೆದು ಸಹಿ ಹಾಕಿದರು.

ಶಾಲೆ ಶುರುವಾದ ದಿನ ಆರು-ಏಳರ ಮಕ್ಕಳನ್ನೆಲ್ಲ ಒಟ್ಟಿಗೆ ಕೂರಿಸಿ ವಿಷಯ ಹೇಳಿದೆವು. ಬಸ್ಸು ನಿಲ್ಲಬಹುದು ಅನ್ನುವುದನ್ನೂ ಮುಚ್ಚಿಡಲಿಲ್ಲ. ಮೊದಲು ಪಿಸಪಿಸ. ಆಮೇಲೆ ಜಾತ್ರೆ! ಒಬ್ಬರು ಮನೆ ಮನೆಗೆ ಹೋಗಿ ಕೇಳುತ್ತೇವೆ ಎಂದರು, ಇನ್ನೊಬ್ಬರು ಬಸ್ಸಿಗೆ ಬೋರ್ಡು ಬರೆಯುತ್ತೇವೆ ಎಂದರು. ಯಾವ ಮನೆಯಿಂದ ಏನೇನು ಬಸ್ಸಿನಲ್ಲಿ ಹೋಗುತ್ತದೆ ಅಂತ ಹೇಳುವುದಕ್ಕೇ ಒಂದು ಪೀರಿಯಡ್ ಸಾಲಲಿಲ್ಲ. ಒಬ್ಬಳ ಮನೆಯಿಂದ ಬೇಗಾರಿಗೆ ಕಾವಿಗೆ ಕೂತ ಕೋಳಿಯೇ ಹೋಗಿತ್ತಂತೆ, ಮೊಟ್ಟೆ ಸಮೇತ. ನಾಗೇಶ್ ಮೇಷ್ಟ್ರು ಬೋರ್ಡಿನ ಮೇಲೆ ಎರಡು ಕಾಲಂ ಎಳೆದರು. ಒಂದು ಕಡೆ, ಮನೆಯಿಂದ ಬಸ್ಸಿನಲ್ಲಿ ಹೋದ ವಸ್ತು. ಇನ್ನೊಂದು ಕಡೆ, ಬಸ್ಸಿನಲ್ಲಿ ಹೋದ ಮನುಷ್ಯರು.

ಮೊದಲನೆಯದು ತುಂಬಿ ಕೆಳಗಿಳಿಯಿತು. ಎರಡನೆಯದರಲ್ಲಿ ಇಬ್ಬರು ಅಜ್ಜಿಯರು. ಹೈಸ್ಕೂಲಿಗೆ ಹೋಗುವವರೂ ಸೇರಿ ಉಳಿದವರೆಲ್ಲ ಬೈಕು, ಸ್ಕೂಟಿ.

ಪ್ರತೀಕ್ಷಾ ಕೈ ಎತ್ತಿದಳು. ಬೋರ್ಡನ್ನೊಮ್ಮೆ, ಕಿಟಕಿಯಾಚೆ ಹಲಸಿನ ಮರದ ಕೆಳಗೆ ನಿಂತಿದ್ದ ನನ್ನ ಗಾಡಿಯನ್ನೊಮ್ಮೆ ನೋಡಿದಳು. ತುಂಟತನವಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವಳಿಗೆ.

"ಟೀಚರ್, ನಿಮ್ಮ ಸ್ಕೂಟಿ ಯಾವ ಸಬ್ಜೆಕ್ಟಿಗೆ ಬರ್ತದೆ?"

ಮಕ್ಕಳು ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ನಾಗೇಶ್ ಮೇಷ್ಟ್ರು. ನಿಮ್ಮ ಬೈಕು ಸರ್? ಅಂತ ಹಿಂದಿನ ಬೆಂಚಿನಿಂದ ಯಾರೋ ಕೇಳಿದ ಮೇಲೆ ಅವರೂ ನಿಲ್ಲಿಸಿದರು. ಬಸ್ಸು ಉಳಿಸುವ ಪಾಠ ಮಾಡಲು ಹೊರಟ ನಾವಿಬ್ಬರೂ ಬಸ್ಸನ್ನು ಓವರ್‌ಟೇಕ್ ಮಾಡಿಕೊಂಡು ಶಾಲೆಗೆ ಬಂದಿದ್ದೆವು.

ಸೋಮವಾರ ಬೆಳಿಗ್ಗೆ ಸ್ಕೂಟಿಗೆ ಕವರ್ ಹೊದಿಸಿ ರಸ್ತೆ ಬದಿಗೆ ಬಂದು ನಿಂತೆ. ಜಿರಾಪತಿ ಮಳೆ ಬಿಡದೆ ಸುರಿಯುತ್ತಿತ್ತು. ಬಸ್ಸು ಬಂತು. ಸುಧಾಕರ ಬಾಗಿಲಿನಿಂದ ಅಭ್ಯಾಸದಂತೆ ಕೈ ಚಾಚಿದ.

"ಚೀಲ ಕೊಡಿ ಟೀಚರೇ."

"ಚೀಲ ಇಲ್ಲ ಮಾರಾಯ. ಇವತ್ತು ನಾನೇ."

ಅವನು ಚಾಚಿದ ಕೈ ಹಿಂದಕ್ಕೆ ತೆಗೆದು, ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಒಳಗೆ ಮೂರನೇ ಸೀಟಿನಲ್ಲಿ ನಾಗೇಶ್ ಮೇಷ್ಟ್ರು, ಛತ್ರಿ ಮಡಚಿಕೊಂಡು, ನನ್ನನ್ನು ನೋಡದವರ ಹಾಗೆ ಕಿಟಕಿಯ ಕಡೆ ತಿರುಗಿ ಕೂತಿದ್ದರು. ಬಾನೆಟ್ ಮೇಲೆ ಯಾರದ್ದೋ ಮಿಕ್ಸಿ. ಸುತ್ತಲೂ ಖಾಲಿ ಸೀಟುಗಳು. ಶಾಲೆಯ ಗೇಟಿನಲ್ಲಿ ಇಳಿಯುವಾಗ ಮಕ್ಕಳೆಲ್ಲ ಮಳೆಯಲ್ಲೇ ನಿಂತು ಚಪ್ಪಾಳೆ ತಟ್ಟಿದರು. ನನಗೆ ಎಷ್ಟು ಖುಷಿಯಾಯಿತೋ ಅಷ್ಟೇ ನಾಚಿಕೆಯೂ ಆಯಿತು. ಬಸ್ಸಿನಿಂದ ಇಳಿದದ್ದಕ್ಕೂ ಚಪ್ಪಾಳೆಯೇ?

ದಸರೆಗೆ ಇನ್ನೂ ಸಮಯವಿದೆ. ತುಂಗೆಗೂ ಭದ್ರೆಗೂ ನಡುವಿನ ಏರನ್ನು ಹುಡುಕುವುದಿದೆ, ಓನರಿಗೆ ಪತ್ರ ಬರೆಯುವುದಿದೆ, ಸೀಟು ತುಂಬಿಸುವುದಿದೆ. ಪ್ರತೀಕ್ಷಾ ಈಗ ಎದುರು ಸಿಕ್ಕವರನ್ನೆಲ್ಲ ನಿಲ್ಲಿಸಿ ಒಂದು ಪ್ರಶ್ನೆ ಕೇಳುತ್ತಿದ್ದಾಳೆ. ಅವಳ ಪರವಾಗಿ ನಿಮ್ಮನ್ನೂ ಕೇಳಿಬಿಡುತ್ತೇನೆ.

ನಿಮ್ಮೂರ ಬಸ್ಸನ್ನು ನೀವು ಕೊನೆಯ ಸಲ ನಿಲ್ಲಿಸಿದ್ದು ಯಾವಾಗ, ಚೀಲ ಕೊಡಲಿಕ್ಕಲ್ಲ, ಹತ್ತಿ ಕೂರಲಿಕ್ಕೆ?