ಬಿಸ್ಕತ್ತಿನ ಡಬ್ಬಿಯಲ್ಲಿ ಉಳಿದ ನಾಲ್ಕನೆಯ ನುಡಿ

ಬೆಳಗಿನ ಐದೂವರೆ. ಏಳಕ್ಕೆ ಕೆಳಮಹಡಿಯ ಅಚ್ಚಿನ ಯಂತ್ರ ಶುರುವಾದರೆ ಈ ಕೋಣೆಯ ಮೇಜೂ ನಡುಗುತ್ತದೆ. ಅಷ್ಟರೊಳಗೆ ಕೆಲಸ ಮುಗಿಯಬೇಕು. ಕತ್ತರಿ ಅಕ್ಕ ಕೈ ತೊಳೆದು, ಒರೆಸಿ, ಹಳೆಯ ಟೇಪಿನ ಕಂದು ಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ದೀಪಕ್ಕೆ ಹಿಡಿಯುತ್ತಾರೆ. ವಯಸ್ಸು ಅರವತ್ತೆಂಟು. ಕೈ ಮಾತ್ರ ಚೂರೂ ಅಲುಗದು.

ರೆಕಾರ್ಡಿಂಗ್ ಕಂಪನಿಯಲ್ಲಿ ಟೇಪು ಕತ್ತರಿಸಿ ಜೋಡಿಸುವುದು ಇವರ ನಲವತ್ತಾರು ವರ್ಷದ ಕಸುಬು. ಎಲ್ಲರೂ 'ಹಾಡಮ್ಮ' ಎಂದೇ ಕರೆಯುತ್ತಿದ್ದ ಜನಪದ ಗಾಯಕಿಯ ನಾನೂರ ಹನ್ನೆರಡು ಹಾಡುಗಳೂ ಇವರ ಕೈ ದಾಟಿಯೇ ಹೊರಬಿದ್ದವು. ಒಂದರ ಹೊದಿಕೆಯ ಮೇಲೂ ಇವರ ಹೆಸರಿಲ್ಲ. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಕೇಳಿದರೆ ನಗುತ್ತಾರೆ: "ಕಸ ಗುಡಿಸಿದೋರ ಹೆಸರು ಹೊಸಿಲ ಮೇಲೆ ಬರೀತಾರಾ?"

ಹಾಡಮ್ಮ ತೀರಿಕೊಂಡು ಎರಡು ವರ್ಷ. ಕಂಪನಿ ಈಗ ಅವರ ಅರವತ್ತು ಹಾಡುಗಳನ್ನು ಆರಿಸಿ, ಐದು ಸಿ.ಡಿ.ಗಳ ಪೆಟ್ಟಿಗೆ ತರುತ್ತಿದೆ. ಐವತ್ತೊಂಬತ್ತು ಆರಿಸಿಯಾಯಿತು. ಜಗಳವೆಲ್ಲ ಕೊನೆಯದರ ಮೇಲೆ. ಮನೆ ಬಿಟ್ಟುಹೋದ ತಂಗಿಗಾಗಿ ಅಕ್ಕ ಬಾಗಿಲಲ್ಲಿ ಕಾಯುವ ಹಾಡು ಅದು. ಮೂರು ನುಡಿ ಮುಗಿದರೂ ತಂಗಿ ಬರುವುದಿಲ್ಲ, ಕೇಳಿದವರ ಕಣ್ಣು ಒದ್ದೆಯಾಗುತ್ತದೆ. ಆದರೆ ಹಾಡಮ್ಮ ಹಾಡಿದ್ದು ನಾಲ್ಕು ನುಡಿ.

"ಆಗಿನ ಗ್ರಾಮಫೋನ್ ತಟ್ಟೇಲಿ ಜಾಗ ಇಷ್ಟೇ ಅಂತ ಲೆಕ್ಕ. ನಲವತ್ತೊಂದು ಸೆಕೆಂಡು ಜಾಸ್ತಿ ಆಯ್ತು. ಕತ್ತರಿಸು ಅಂದ್ರು, ಕತ್ತರಿಸಿದೆ. ತಂಗಿ ಮನೆಗೆ ಬರೋದೇ ಆ ನಾಲ್ಕನೇ ನುಡೀಲಿ. ಹಾಡಮ್ಮನ ಸ್ವಂತ ತಂಗಿ ಕಣ್ರೀ ಅದು."

ಹಾಡಮ್ಮ ಒಂದು ವರ್ಷ ಇವರೊಡನೆ ಮಾತು ಬಿಟ್ಟರಂತೆ. ಆಮೇಲೊಂದು ದಿನ ತಾವಾಗಿಯೇ ಬಂದು, "ಏನೇ ಕತ್ತರಿ, ಟೀ ಕೊಡ್ತೀಯೋ ಇಲ್ವೋ?" ಎಂದರಂತೆ. ಅಡ್ಡಹೆಸರು ಅಂದೇ ಅಂಟಿಕೊಂಡಿತು. ನುಡಿ ಮಾತ್ರ ಮರಳಿ ಬರಲಿಲ್ಲ.

"ರೆಕಾರ್ಡು ಕೇಳಿ ಕೇಳಿ ಜನಕ್ಕೆ ಮೂರೇ ನುಡಿ ಬಾಯಿಪಾಠ ಆಗಿತ್ತು. ಸಭೇಲಿ ಅವಳು ಪೂರ್ತಿ ಹಾಡೋಕೆ ನೋಡಿದ್ರೆ, ನನ್ನ ಕತ್ತರಿ ಬಿದ್ದ ಜಾಗಕ್ಕೆ ಸರಿಯಾಗಿ ಚಪ್ಪಾಳೆ ಬೀಳೋದು. ಕೈ ಮುಗಿದು ಕೂತುಬಿಡೋಳು."

ಕತ್ತರಿಸಿದ ಪಟ್ಟಿಯನ್ನು ಅವರು ಎಸೆದಿರಲಿಲ್ಲ. ಸುರುಳಿ ಸುತ್ತಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದರು. ಪೆಟ್ಟಿಗೆಯಲ್ಲಿ ಪೂರ್ತಿ ಹಾಡೇ ಬರಬೇಕೆಂದು ಈಗ ಹಟ ಹಿಡಿದಿದ್ದಾರೆ. ಹಾಡು ಆರಿಸುವ ಮ್ಯಾನೇಜರ್ ಒಪ್ಪುತ್ತಿಲ್ಲ: "ತಂಗಿ ಬರಲಿಲ್ಲ ಅಂತಾನೇ ಜನ ಅಳೋದು ಅಕ್ಕಾ. ಬಂದುಬಿಟ್ರೆ ಹಾಡಲ್ಲಿ ಇನ್ನೇನು ಉಳೀತು?" ಅವರನ್ನು ಬೈಯುವುದೂ ಕಷ್ಟ, ನಾನೂ ಆ ಮೂರು ನುಡಿಗೇ ಅತ್ತು ಬೆಳೆದವನು. ಇಂದು ಹನ್ನೊಂದು ಗಂಟೆಗೆ ತೀರ್ಮಾನ.

"ಒಪ್ಪದಿದ್ರೆ?" ಎನ್ನುತ್ತೇನೆ.

"ಬೇಜಾರಾಗತ್ತೆ. ಆಗಲ್ಲ ಅಂತ ಯಾಕೆ ಸುಳ್ಳು ಹೇಳಲಿ? ಅವಳು ಇದ್ದಾಗ್ಲೇ ಜೋಡಿಸ್ಬೇಕಿತ್ತು. ಇವತ್ತು ನಾಳೆ ಅಂತ ತಳ್ಳಿಬಿಟ್ಟೆ."

ತುದಿಗೆ ತುದಿ ಕೂಡಿಸಿ, ಅಂಟುಪಟ್ಟಿ ಒತ್ತಿ, ಅಕ್ಕ ಯಂತ್ರದ ಗುಂಡಿ ಅದುಮುತ್ತಾರೆ. ಆ ದನಿ ಕೋಣೆ ತುಂಬುತ್ತದೆ. ಒಂದು ನುಡಿ, ಎರಡು, ಮೂರು. ಗೊತ್ತಿರುವ ಆ ಜಾಗ ಬರುತ್ತಿದ್ದಂತೆ, ಇಷ್ಟೆಲ್ಲ ಕೇಳಿದ ಮೇಲೂ, ನನ್ನ ಕೈಗಳು ನನ್ನನ್ನು ಕೇಳದೆ ಚಪ್ಪಾಳೆಗೆ ಏಳುತ್ತವೆ.

ಅಕ್ಕ ಎರಡನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.

"ತಡೀರಿ. ಅವಳಿನ್ನೂ ಮುಗಿಸಿಲ್ಲ."