ತುಂಗಾಳ ಎಂಟು ಮಂಗಳವಾರ

ಗುರುಸಿದ್ದಪ್ಪನ ಮೊಣಕಾಲು ಎರಡೂ ಸೋತಿದ್ದವು. ಹುಲಿಗಳ ಚಾಕರಿಗೆ ನಿಂತು ಮೂವತ್ತೊಂದು ವರ್ಷ. ಹೈದರಾಬಾದಿನ ಅಂಚಿನಲ್ಲಿದ್ದ ಆ ಮೃಗ ಸಂವರ್ಧನ ಕೇಂದ್ರಕ್ಕೆ ಅಮೀರ್‌ಪೇಟ್‌ನಿಂದ ಎರಡು ಬಸ್ಸು ಹತ್ತಿಳಿದು ಹೋಗಬೇಕು. ಪಂಜರ ತೊಳೆದು, ಮಾಂಸ ಹಾಕಿ, ಸಂಜೆಗೆ ಮತ್ತೆ ಎರಡು ಬಸ್ಸು. ಮನೆಯ ಬಾಗಿಲಲ್ಲಿ ಹೆಂಡತಿ ಶರಣಬಸಮ್ಮ ದಿನಾ ಒಂದೇ ಮಾತು ಹೇಳುತ್ತಿದ್ದಳು.

“ಅಲ್ಲೇ ನಿಂದರ್ರಿ. ಮೊದಲ ಜಳಕ. ನಿಮಗಿಂತ ಮೊದಲ ನಿಮ್ಮ ಹುಲಿ ಮನಿಯೊಳಗ ಬರತೈತಿ.”

ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿದ್ದಾಗ ಅವನಿಗೆ ಮತ್ತೊಂದು ಕೆಲಸ ಅಂಟಿಕೊಂಡಿತು. ನಗರದ ಪ್ರಯೋಗಾಲಯವೊಂದರಿಂದ ಡಾಕ್ಟರ್ ಸುಹಾಸಿನಿ ಬಂದರು. ಅವರ ಅಜ್ಜ ಕಲಬುರ್ಗಿ ಕಡೆಯಿಂದ ಬಂದು ಇಲ್ಲಿ ಸರ್ಕಾರಿ ನೌಕರಿ ಹಿಡಿದವರು. ಹೀಗಾಗಿ ಇಬ್ಬರ ಮಾತೂ ಕನ್ನಡದಲ್ಲೇ. ಆಗಷ್ಟೇ ತುಂಗಾ ಎಂಬ ಹೆಣ್ಣು ಹುಲಿಯನ್ನು ಬಹಾದ್ದೂರ್ ಎಂಬ ಗಂಡಿನ ಜೊತೆ ಕೂಡಿಸಿ, ಬೇರೆ ಮಾಡಿದ್ದರು.

“ಬಸರಾಗ್ಯಾಳೋ ಇಲ್ಲೋ ನೋಡಬೇಕ್ರಿ. ಸೂಜಿ ಬ್ಯಾಡ, ಮಂಪರು ಬ್ಯಾಡ. ದಿನಾ ಮುಂಜಾನೆ ಆಕೀ ಮಲ ಒಂದು ಪಾಕೀಟಿನ್ಯಾಗ ಹಾಕಿ, ಹೆಸರು, ತಾರೀಖು ಬರದು ಫ್ರೀಜರಿನ್ಯಾಗ ಇಡ್ರಿ. ಅದರಾಗ ಒಂದು ಹಾರ್ಮೋನು ಇರತದ, ಕೂಡಿದ ಮ್ಯಾಲ ಏರತದ. ಎರಡು ತಿಂಗಳಾದ್ರೂ ಅದು ಇಳೀಲಿಲ್ಲ ಅಂದ್ರ ಬಸರು ಅಂತ ತಿಳ್ಕೋರಿ.”

ಆ ಕೇಂದ್ರದಲ್ಲಿ ಹುಲಿಗಳಿಗೆ ಸೋಮವಾರ ಮಾಂಸವಿಲ್ಲ, ಹೊಟ್ಟೆಗೆ ಬಿಡುವು. ಗುರುಸಿದ್ದಪ್ಪನದೂ ಸೋಮವಾರದ ಉಪವಾಸವೇ. ಹಸಿದ ತುಂಗಾಳ ಎದುರು ಹಸಿದ ಅವನು ಕೂತು, “ಇಬ್ಬರದೂ ಶಿವನ ವಾರ ನೋಡವಾ” ಎನ್ನುತ್ತಿದ್ದ. ಮರುದಿನ ಅವಳ ಪಂಜರ ಒಣಗಿ ಸ್ವಚ್ಛವಾಗಿರುತ್ತಿತ್ತು. ಮೊದಲ ಮಂಗಳವಾರ ಅವನು ಪಾಕೀಟು ಇಡಲಿಲ್ಲ. ಪ್ರಯೋಗಾಲಯದ ವ್ಯಾನು ಬರುತ್ತಿದ್ದುದೂ ಮಂಗಳವಾರವೇ. ಸುಹಾಸಿನಿಯವರ ಮುಖ ಗಂಟಾಯಿತು.

“ಒಂದು ದಿನ ತಪ್ಪಿದ್ರೂ ಸಾಲು ಕಡೀತದ್ರಿ. ಏನಾರ ಆಗ್ಲಿ, ಖಾಲಿ ಬಿಡಬ್ಯಾಡ್ರಿ.”

ಹೂಂ ಅಂದ. ಮುಂದಿನ ಮಂಗಳವಾರ ಪಕ್ಕದ ಪಂಜರದ ಮುದಿ ಹುಲಿ ನೂರ್‌ಳ ಮಲ ಕಣ್ಣಿಗೆ ಬಿತ್ತು. ಅವಳದು ನಿಧಾನದ ಹೊಟ್ಟೆ. ಉಪವಾಸದ ಮರುದಿನವೂ ಏನಾದರೂ ಇರುತ್ತಿತ್ತು. ಹುಲಿಯದು ಹುಲಿಯದೇ ಅಲ್ಲವೇ ಎಂದುಕೊಂಡು ಅದನ್ನೇ ತುಂಬಿ, ಮೇಲೆ ತುಂಗಾ ಎಂದು ಬರೆದ. ಮೊದಲ ಸಲ ಹಿಂದೆ ಮುಂದೆ ನೋಡಿದ. ಮೂರನೆಯ ಸಲದ ಹೊತ್ತಿಗೆ ಅದು ಪಂಜರ ತೊಳೆದಷ್ಟೇ ಮಾಮೂಲಾಯಿತು. ಹೀಗೆ ಎಂಟು ಮಂಗಳವಾರ ಕಳೆದವು.

ಆಮೇಲೊಂದು ಬುಧವಾರ ಸುಹಾಸಿನಿ ಕಾಗದವೊಂದನ್ನು ಹಿಡಿದು ಬಂದರು. ಅದರಲ್ಲಿ ಒಂದು ಗೆರೆ, ನೆಲಕ್ಕಂಟಿದ ಗೆರೆ.

“ಬಸರಿಲ್ರಿ. ಏರೇ ಇಲ್ಲ. ನಾಳೆ ಬಹಾದ್ದೂರನ್ನ ಮತ್ತ ಒಳಗ ಬಿಡೋಣ.”

“ಆದ್ರ ಮೊಲಿ ಕೆಂಪಾಗ್ಯಾವಲ್ರೀ ಅವ್ವಾರ. ಮೈ ತುಂಬೈತಿ.”

“ಕಣ್ಣಿಗೆ ಕಂಡದ್ದು ನಂಬಲಿಕ್ಕಾಗೂದಿಲ್ಲ. ದಿನಾ ಪರೀಕ್ಷಾ ಮಾಡೋವಷ್ಟು ಔಷಧ ನಮ್ಮ ಹತ್ರ ಇಲ್ಲ. ವಾರಕ್ಕೊಂದು, ಆ ಮಂಗಳವಾರದ ತಾಜಾ ಪಾಕೀಟು ಇರತಾವಲ್ಲ, ಅವನ್ನ ಎಂಟೂ ಒಯ್ದು ನೋಡೇನಿ. ಉಳಿದದ್ದು ಇಲ್ಲೇ ಫ್ರೀಜರಿನ್ಯಾಗ ಅದ.”

ಗುರುಸಿದ್ದಪ್ಪ ಆ ಗೆರೆಯನ್ನು ಮತ್ತೆ ನೋಡಿದ. ಅಷ್ಟು ದಿನಗಳಲ್ಲಿ ಅವರು ಆರಿಸಿಕೊಂಡದ್ದು ಆ ಎಂಟನ್ನೇ! ಬಹಾದ್ದೂರನ ಸಿಟ್ಟು ಅವನಿಗೆ ಗೊತ್ತಿತ್ತು. ಬಸುರಿ ಹೆಣ್ಣು ಒಲ್ಲೆನೆಂದರೆ ಕಚ್ಚಿ ಕೆಡವುವ ಪ್ರಾಣಿ. ಹೊಟ್ಟೆಯಲ್ಲಿರುವುದು ಉಳಿಯುವುದಿಲ್ಲ. ಹೇಳಬೇಕೆಂದು ಬಾಯಿ ತೆರೆದ, ನಿವೃತ್ತಿಗೆ ಉಳಿದ ಹನ್ನೆರಡು ತಿಂಗಳು ನೆನಪಾಯಿತು, ಮುಚ್ಚಿದ.

ಗುರುವಾರ ನಸುಕಿನಲ್ಲಿ ಪೂಜೆಗೆ ಕೂತು ಲಿಂಗವನ್ನು ಅಂಗೈಗೆ ತೆಗೆದುಕೊಂಡ. ವಿಭೂತಿ ಹಚ್ಚಬೇಕು, ಬೆರಳು ಏಳಲೊಲ್ಲದು. ಆ ಅಂಗೈಯೇ ಪಾಕೀಟು ತುಂಬಿದ ಅಂಗೈ. ತೊಳೆದು ತೊಳೆದು ಚರ್ಮ ಸುಲಿದಿದ್ದರೂ ಏನೋ ಉಳಿದಂತಿತ್ತು. ಶರಣಬಸಮ್ಮ ನೋಡಿ ಕೇಳಿದಳು. ಎಲ್ಲವನ್ನೂ ಹೇಳಿಬಿಟ್ಟ.

“ಹುಲಿ ಉಪಾಸ ಇದ್ರ ಹೇಲು ಎಲ್ಲಿಂದ ಬರಬೇಕ್ರಿ?” ಎಂದಳು ಆಕೆ. “ಅಷ್ಟು ಓದಿದಾಕಿಗೆ ಇದು ತಿಳೀಲಿಲ್ಲೇನು?”

“ಆಕಿಗೆ ಸೋಮವಾರದ ಮಾತು ಯಾರು ಹೇಳಬೇಕಿತ್ತು? ನಾನಽ ಹೇಳಬೇಕಿತ್ತು.”

“ಮತ್ತ ಹೋಗಿ ಹೇಳ್ರಿ. ಪೂಜಿ ಬಂದು ಮಾಡೀರಂತ. ಶಿವ ಎಲ್ಲಿ ಹೊಕ್ಕಾನ.”

ಕೇಂದ್ರ ಮುಟ್ಟಿದಾಗ ಸುಹಾಸಿನಿ ಆಗಲೇ ಬಹಾದ್ದೂರನ ಗೇಟಿನ ಹತ್ತಿರ ನಿಂತಿದ್ದರು. ಬೀಗದ ಕೈ ಗುರುಸಿದ್ದಪ್ಪನ ಬಳಿ ಇತ್ತು. ಅವನು ಅದನ್ನು ಬೀಗಕ್ಕೆ ಹಾಕದೆ ಅವರ ಮುಂದೆ ಹಿಡಿದ.

“ತಗೋರಿ ಅವ್ವಾರ. ಮಂಗಳವಾರದ್ದು ಒಂದೂ ತುಂಗಾಂದಲ್ಲ. ಎಂಟೂ ಮುದುಕಿ ನೂರ್‌ದು. ಸೋಮವಾರ ಇವಕ್ಕ ಉಪಾಸ. ತುಂಗಾ ಮರುದಿನ ಏನೂ ಹಾಕೂದಿಲ್ಲ. ನೀವು ಖಾಲಿ ಬಿಡಬ್ಯಾಡ ಅಂದಿದ್ರಿ.”

ಸುಹಾಸಿನಿ ಆಡಿದ ಮಾತು ಬಹಳ ಬಿರುಸಾಗಿತ್ತು; ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಎರಡು ತಿಂಗಳ ದುಡಿಮೆ ಹಾಳಾಯಿತು, ಅವನ ಮೂವತ್ತೊಂದು ವರ್ಷದ ಅನುಭವಕ್ಕಿಷ್ಟು ಬೆಂಕಿ ಬೀಳಲಿ, ಇನ್ನೇನೇನೋ. ಕೊನೆಗೆ ಅವರು ಬೀಗದ ಕೈಯನ್ನು ಮುಟ್ಟದೆ ಫ್ರೀಜರಿನ ಕಡೆ ನಡೆದರು. ವಾರದ ಉಳಿದ ದಿನಗಳ, ತುಂಗಾಳದೇ ಆದ ಪಾಕೀಟುಗಳೆಲ್ಲ ಅಲ್ಲಿದ್ದವು.

ಶನಿವಾರ ಹೊಸ ಗೆರೆ ಬಂತು. ಮೊದಲ ವಾರ ಏರಿದ್ದು ಇಳಿದಿರಲೇ ಇಲ್ಲ. ಬಹಾದ್ದೂರ್ ತನ್ನ ಪಂಜರದಲ್ಲೇ ಉಳಿದ.

ಅದೇ ದಿನ ಗುರುಸಿದ್ದಪ್ಪನಿಗೆ ಮೆಮೊ ಕೂಡ ಬಂತು. ಸುಹಾಸಿನಿಯೇ ತಂದು ಕೊಟ್ಟರು. “ನಾ ವರದಿ ಬರೀಲೇಬೇಕಾಗಿತ್ರಿ,” ಎಂದರು, ಮುಖ ನೋಡದೆ. “ಖಾಲಿ ಬಿಡಬ್ಯಾಡ್ರಿ ಅಂದಾಕಿ ನಾನಽ ಅಂತನೂ ಬರದೇನಿ. ಉಪಾಸದ ದಿನ ಯಾವುದು ಅಂತ ಕೇಳಲಿಲ್ಲ ಅಂತನೂ.”

ಗುರುಸಿದ್ದಪ್ಪ ಗೋಡೆಗೆ ಕಾಗದ ಒತ್ತಿ ಸಹಿ ಹಾಕಿದ. ಅದರಿಂದ ಏನಾಗುತ್ತದೋ ಅವನಿಗೆ ತಿಳಿಯಲಿಲ್ಲ, ಕೇಳುವ ತ್ರಾಣವೂ ಇರಲಿಲ್ಲ. ಸೋಮವಾರ ಎಂದಿನಂತೆ ಇಬ್ಬರೂ ಉಪವಾಸ ಇದ್ದರು. ಮಂಗಳವಾರ ಪಂಜರ ಒಣಗಿ ಸ್ವಚ್ಛವಾಗಿತ್ತು. ಅವನು ಹೊಸ ಪಾಕೀಟು ತೆಗೆದು ಮೇಲೆ ತುಂಗಾ ಎಂದು ಬರೆದ, ತಾರೀಖು ಬರೆದ, ಬಾಯಿ ಮಡಚಿ ಹಾಗೇ ಖಾಲಿಯಾಗಿ ಫ್ರೀಜರಿನಲ್ಲಿಟ್ಟ. ಆಮೇಲೆ ಮೊಣಕಾಲು ಹಿಡಿದುಕೊಂಡು ನೂರ್‌ಳ ಪಂಜರ ತೊಳೆಯಲು ಹೋದ.